ಕರೆಂಟ್ ಹೋದಾಗ ಒಳಗೆ ಉಳಿದ ಹಾಳೆ

ಆಟಿ ತಿಂಗಳ ಮಳೆ. ಕುಂಬಳೆಯ ಆ ಸಣ್ಣ ಕಚೇರಿಯಲ್ಲಿ ಒಂದೇ ಅರ್ಜಿಯನ್ನು ಕನ್ನಡದಲ್ಲೊಮ್ಮೆ, ಮಲಯಾಳದಲ್ಲೊಮ್ಮೆ ಪ್ರಿಂಟ್ ತೆಗೆಯುತ್ತಿದ್ದಾಗ ಕರೆಂಟ್ ಹೋಯಿತು. ಎರಡನೆಯ ಹಾಳೆ ಅರ್ಧ ಹೊರಗೆ, ಅರ್ಧ ಒಳಗೆ ನಿಂತಿತು. ಕಾಯುತ್ತಿದ್ದ ಹಿರಿಯರೊಬ್ಬರು, "ಎಳೆದುಬಿಡಿ ಅಕ್ಕ, ಹೇಗೂ ಕರೆಂಟಿಲ್ಲವಲ್ಲ" ಎಂದರು.

ಹಾಗೆ ಎಳೆಯಬಾರದು. ಲೇಸರ್ ಪ್ರಿಂಟರಿನಲ್ಲಿ ಟೋನರ್ ಎಂಬ ಮಸಿಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಕರೆಂಟ್ ಹೋದೊಡನೆ ಆ ಬಿಸಿ ಹೋಗುವುದಿಲ್ಲ. ಹೋದ ಕರೆಂಟ್ ಯಾವ ಗಳಿಗೆಯಲ್ಲೂ ಮರಳಬಹುದು. ಮುಚ್ಚಳ ತೆರೆದರೆ ಯಂತ್ರ ನಿಲ್ಲುವ ಏರ್ಪಾಡು ಒಳಗೇ ಇರುತ್ತದೆ, ಆದರೆ ಅದನ್ನು ನಂಬಿ ಕೈ ಹಾಕುವುದು ತಪ್ಪು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಹಿಂದಿನ ಬಾಗಿಲು ತೆರೆದು ಅರ್ಧ ಗಂಟೆ ಬಿಟ್ಟೆವು.

ಆ ಹೊತ್ತಿನಲ್ಲಿ ಟ್ರೇ ಹೊರತೆಗೆದು, ಮುಂದಿನ ಮುಚ್ಚಳದಿಂದ ಟೋನರ್ ಕಾರ್ಟ್ರಿಜ್ ಇಳಿಸಿದೆವು. ಅದರಡಿಯ ಹೊಳೆಯುವ ಡ್ರಮ್ಮಿಗೆ, ಅಂದರೆ ಅಕ್ಷರದ ರೂಪ ಮೂಡುವ ಉರುಳೆಗೆ, ಬೆರಳು ತಾಗಬಾರದು, ಬೆಳಕೂ ಹೆಚ್ಚು ಹೊತ್ತು ಬೀಳಬಾರದು. ಬಿದ್ದರೆ ಮುಂದಿನ ಪುಟಗಳಲ್ಲಿ ಕಲೆ ಮೂಡುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗಿಟ್ಟೆವು. ಕಾರ್ಟ್ರಿಜ್ ಇದ್ದ ಜಾಗದ ಕೆಳಗೆ ಸ್ಪಂಜಿನಂತೆ ಕಾಣುವ ಕಪ್ಪು ರೋಲರನ್ನೂ ಮುಟ್ಟುವಂತಿಲ್ಲ, ಕೈಯ ಎಣ್ಣೆ ಅದನ್ನು ಕೆಡಿಸುತ್ತದೆ.

ಹಾಳೆ ಎಲ್ಲಿ ಸಿಕ್ಕಿದೆ ಎಂಬುದನ್ನು ಹಾಳೆಯೇ ಹೇಳುತ್ತದೆ. ಅಕ್ಷರವೇ ಮೂಡಿರದಿದ್ದರೆ ತಡೆ ಟ್ರೇಯ ಹತ್ತಿರ. ಅಕ್ಷರ ಮೂಡಿದ್ದೂ ಮುಟ್ಟಿದರೆ ಅಳಿಸಿಹೋದರೆ ಫ್ಯೂಸರಿಗಿಂತ ಮೊದಲು. ಅಕ್ಷರ ಗಟ್ಟಿಯಾಗಿ ಕೂತು, ಹಾಳೆಯ ಮುಂದಿನ ಅಂಚು ಬೀಸಣಿಗೆಯಂತೆ ಮಡಿಚಿದ್ದರೆ ಹೊರಬರುವ ದಾರಿಯಲ್ಲಿ. ನಮ್ಮದು ಫ್ಯೂಸರಿನ ನಟ್ಟನಡುವೆ: ಮೇಲರ್ಧದ ಅಕ್ಷರ ಗಟ್ಟಿಯಾಗಿ ಕೂತಿತ್ತು, ಕೆಳಗರ್ಧ ಇನ್ನೂ ಪುಡಿ.

ಫ್ಯೂಸರಿನ ಎರಡೂ ಬದಿಯ ಹಸಿರು ಹಿಡಿಗಳನ್ನು ಒತ್ತಿ ರೋಲರುಗಳ ಬಿಗಿ ಸಡಿಲಿಸಿದ ಮೇಲೆಯೇ ಎಳೆಯಬೇಕು. ಕೆಲವು ಮಾದರಿಗಳಲ್ಲಿ ಈ ಹಿಡಿ ಇರುವುದಿಲ್ಲ, ಅಲ್ಲಿ ಇನ್ನಷ್ಟು ನಿಧಾನ ಬೇಕು. ಎರಡೂ ಅಂಚನ್ನು ಎರಡು ಕೈಯಲ್ಲಿ ಸಮನಾಗಿ ಹಿಡಿದು, ಹಾಳೆ ಹೋಗುವ ದಿಕ್ಕಿಗೇ, ನೇರವಾಗಿ. ಒಂದು ಮೂಲೆ ಹಿಡಿದು ಜಗ್ಗಿದರೆ ಹರಿಯುತ್ತದೆ. ಚಾಕು, ಚಿಮಟಾ ಬೇಡವೇ ಬೇಡ. ಫ್ಯೂಸರಿನ ತೆಳು ಪೊರೆಗೆ ಒಂದು ಗೀರು ಬಿದ್ದರೂ ಮುಂದೆ ಪ್ರತಿ ಪುಟದಲ್ಲೂ ಅದರ ಗುರುತು ಕಾಣುತ್ತದೆ.

ಅಷ್ಟು ಜಾಗ್ರತೆ ಮಾಡಿಯೂ ಮೂಲೆ ಹರಿಯಿತು. ಹೊರಬಂದ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿದರೆ ಹುಣಸೆ ಬೀಜದಷ್ಟು ಒಂದು ಚೂರು ಕಡಿಮೆ. ಹೀಗೆ ಜೋಡಿಸಿ ನೋಡದವರೇ ಹೆಚ್ಚು, ಅದಕ್ಕೇ ಒಂದೇ ದಿನ ಮೂರು ಸಲ ಪೇಪರ್ ಜಾಮ್ ಆಗುತ್ತದೆ. ಟಾರ್ಚ್ ಹಾಕಿದಾಗ ಹಾಳೆ ಬಂತೆಂದು ತಿಳಿಸುವ ಪುಟ್ಟ ಕಪ್ಪು ಪ್ಲಾಸ್ಟಿಕ್ ಕಡ್ಡಿಯಡಿ ಚೂರು ಸಿಕ್ಕಿಕೊಂಡಿದ್ದುದು ಕಂಡಿತು. ಆ ಕಡ್ಡಿ ಸ್ಪ್ರಿಂಗಿನಿಂದ ತಾನಾಗಿ ಮೇಲೇಳಬೇಕು. ಏಳದಿದ್ದರೆ, ಒಳಗೆ ಏನೂ ಇಲ್ಲದಿದ್ದರೂ ಯಂತ್ರ 'ಜಾಮ್' ಎಂದೇ ತೋರಿಸುತ್ತಿರುತ್ತದೆ.

ಕೈಗೆ ಹತ್ತಿದ ಟೋನರನ್ನು ತಣ್ಣೀರಿನಲ್ಲಿ ತೊಳೆಯಬೇಕು, ಅದು ಬಿಸಿಗೆ ಕರಗಿ ಅಂಟುವ ಪುಡಿ. ಒಳಗೆ ಚೆಲ್ಲಿದ್ದನ್ನು ಬಾಯಿಂದ ಊದದೆ ತುಸು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಪ್ಲಗ್ ಹಾಕಬೇಕು.

ಕರೆಂಟ್ ಬಂದ ಮೇಲೆ ಮೊದಲ ಎರಡು ಪುಟದಲ್ಲಿ ಕಪ್ಪು ಮಸಿ ಬಂತು, ಮೂರನೆಯದು ಶುಭ್ರ. ಆದರೆ ನಾಲ್ಕನೆಯ ಸಲ ಎರಡು ಹಾಳೆ ಒಟ್ಟಿಗೆ ಎದ್ದವು. ಕಾರಣ ಮಳೆ: 500 ಹಾಳೆಯ ರೀಮ್ ಒಂದು ವಾರದಿಂದ ಬಿಚ್ಚಿಟ್ಟೇ ಇತ್ತು. ಥಂಡಿ ಹೀರಿದ ಹಾಳೆ ಒಂದಕ್ಕೊಂದು ಅಂಟುತ್ತದೆ, ಬಿಸಿಗೆ ಸುರುಳಿ ಸುತ್ತುತ್ತದೆ. ಅದನ್ನು ತೆಗೆದು ಹೊಸ ಕಟ್ಟು ಒಡೆದು, ಬೇಕಾದಷ್ಟೇ ಹಾಳೆಗಳನ್ನು ಅಂಚು ಬಿಡಿಸಿ ಟ್ರೇಗೆ ಹಾಕಿ, ಬದಿಯ ಗೈಡುಗಳನ್ನು ಹಾಳೆಗೆ ತಾಗುವಷ್ಟೇ ಸರಿಸಿದೆವು. ಉಳಿದದ್ದು ಅದರ ಹೊದಿಕೆಯೊಂದಿಗೇ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹೋಯಿತು.