ಹಾಳಿ ಮ್ಯಾಲ ಯಾಕ್ರಿ, ಮೇಡಂ?

"ಕಂಪ್ಯೂಟರ್ ಪರೀಕ್ಷಾ ಹಾಳಿ ಮ್ಯಾಲ ಯಾಕ್ ತಗೋತೀರಿ?"

ಮದುವೆ ಪಂಕ್ತಿಯಲ್ಲಿ ಕೇಳಿದ್ದಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಪುಂಡಿ ಪಲ್ಯ ಆರಿಸುವಾಗ ಕೇಳಿದ್ದಾರೆ. ಶರಣಬಸವೇಶ್ವರ ಗುಡಿಯಲ್ಲಿ ಕೈಮುಗಿದು ನಿಂತಾಗಲೂ ಒಬ್ಬರು ಕೇಳಿದರು. ನಾನು ಕಣ್ಣು ತೆರೆಯುವ ತನಕ ಕಾದರು, ಅಷ್ಟು ಪುಣ್ಯ. ಕಲಬುರಗಿಯಲ್ಲಿ ಸಂಜೆ ಹೊತ್ತು ಸಿ ಮತ್ತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗಳನ್ನು ಕಲಿಸುತ್ತೇನೆ. ತಿಂಗಳಿಗೊಂದು ಟೆಸ್ಟ್ ಇಡುತ್ತೇನೆ. ಟೆಸ್ಟಿನ ದಿನ ಕಂಪ್ಯೂಟರ್ ಬಂದ್. ಇದು ಹೇಗೋ ಊರಿಗೆಲ್ಲ ಸಂಕಟವಾಗಿದೆ.

ಪ್ರಶ್ನೆಗಿಂತ ಕೇಳುವ ಧಾಟಿಯೇ ಮೈ ಉರಿಸುತ್ತದೆ. "ಕರೆಂಟ್ ಬಿಲ್ ಉಳಸಲಾಕತ್ತೀರೇನು?" ಅನ್ನುವವರಿದ್ದಾರೆ. "ಭಾಂವಿಗಿ ಇಳೀದ ಈಸು ಬರ್ತದೇನ್ರಿ?" ಅನ್ನುವ ಜ್ಞಾನಿಗಳೂ ಇದ್ದಾರೆ. ಬರೋದಿಲ್ಲ ಮಾರಾಯರೇ. ನನ್ನ ಹುಡುಗರು ವಾರಕ್ಕೆ ಐದು ದಿನ ಭಾಂವಿಯಲ್ಲೇ ಇರುತ್ತಾರೆ. ತಿಂಗಳಿಗೊಮ್ಮೆ ದಂಡೆಗೆ ಕರೆದು, ಈಸಿದ್ದು ನೀನೋ ಬೆನ್ನಿಗೆ ಕಟ್ಟಿದ್ದ ಬೆಂಡೋ ಅಂತ ಕೇಳುತ್ತೇನೆ. ಅಷ್ಟೇ.

ಒಂದು ಮಾತು ಒಪ್ಪುತ್ತೇನೆ. ನಲವತ್ತು ಸಾಲಿನ ಪ್ರೋಗ್ರಾಂ ಪೂರ್ತಿ ಪೇಪರಿನ ಮೇಲೆ ಬರೆಸಿ, ಸೆಮಿಕೋಲನ್ ಬಿಟ್ಟಿದ್ದಕ್ಕೆ ಅರ್ಧ ಮಾರ್ಕ್ ಕತ್ತರಿಸುವುದು ದಂಡದ ಕೆಲಸ. ನಾನೂ ಹಾಗೇ ಪಾಸಾದವಳು. ಅಂಕಿಗಳನ್ನು ಕ್ರಮವಾಗಿ ಜೋಡಿಸುವ ಬಬಲ್ ಸಾರ್ಟ್ ಪ್ರೋಗ್ರಾಮನ್ನು ಹದಿಮೂರರ ಮಗ್ಗಿಯಂತೆ ಉರುಹೊಡೆದಿದ್ದೆ. ಮಧ್ಯದಲ್ಲಿ ಯಾರಾದರೂ ತಡೆದರೆ ಮತ್ತೆ ಮೊದಲಿನಿಂದ ಹೇಳಬೇಕಿತ್ತು. ನಾನು ಕೇಳುವುದು ಅದಲ್ಲ. ನಾಲ್ಕೈದು ಸಾಲು ನಾನೇ ಬರೆದುಕೊಡುತ್ತೇನೆ. ಪ್ರೋಗ್ರಾಮಿನಲ್ಲಿ ಬೆಲೆ ಹಿಡಿದಿಡುವ ಹೆಸರಿಗೆ ವೇರಿಯೇಬಲ್ ಅನ್ನುತ್ತಾರೆ. ಒಂದೊಂದು ಸಾಲು ಮುಗಿದ ಮೇಲೆ ಯಾವ ವೇರಿಯೇಬಲ್‌ನಲ್ಲಿ ಎಷ್ಟಿದೆ ಅಂತ ಪಕ್ಕದಲ್ಲಿ ಬರೆಯಬೇಕು.

ಇದನ್ನೇ ಕಂಪ್ಯೂಟರ್ ಮುಂದೆ ಕೂರಿಸಿ ಕೇಳಿದರೆ ಏನಾಗುತ್ತದೆ ನೋಡಿ. ಹುಡುಗ ರನ್ ಒತ್ತುತ್ತಾನೆ. ಉತ್ತರ ತಪ್ಪು ಬಂತು. ಪ್ಲಸ್ ಇದ್ದಲ್ಲಿ ಮೈನಸ್ ಹಾಕುತ್ತಾನೆ, ಮತ್ತೆ ರನ್. ಲೂಪನ್ನು, ಅಂದರೆ ಮತ್ತೆ ಮತ್ತೆ ನಡೆಯುವ ಸಾಲುಗಳನ್ನು, ಒಂಬತ್ತರ ಬದಲು ಹತ್ತಕ್ಕೆ ನಿಲ್ಲಿಸುತ್ತಾನೆ, ಮತ್ತೆ ರನ್. ಏಳನೇ ಸಲಕ್ಕೆ ಸರಿ ಉತ್ತರ ಬರುತ್ತದೆ. ಯಾಕೆ ಸರಿಯಾಯಿತು ಅಂದರೆ, "ಆತಲ್ರಿ ಮೇಡಂ!" ಈಗಂತೂ ಆ ಏಳು ಸಲದ ಕಷ್ಟವೂ ಇಲ್ಲ, ಮೊಬೈಲಿಗೆ ಕೇಳಿದರೆ ಅದೇ ಬರೆದುಕೊಡುತ್ತದೆ.

ಇದು ನನ್ನೊಬ್ಬಳ ಹಟವೂ ಅಲ್ಲ. 2001ರಲ್ಲಿ ಮೆಕ್‌ಕ್ರಾಕನ್ ಮತ್ತು ಜೊತೆಗಾರರು ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಂದ ಪ್ರೋಗ್ರಾಂ ಬರೆಸಿದರು. ಸರಾಸರಿ ಬಂದದ್ದು 110ಕ್ಕೆ 22.89. 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತವರ ತಂಡ ಬರೆಯುವುದು ಹಾಗಿರಲಿ, ಓದಲು ಬರುತ್ತದೋ ನೋಡೋಣ ಅಂತ ಚಿಕ್ಕ ಚಿಕ್ಕ ಕೋಡ್ ಕೊಟ್ಟು ಉತ್ತರ ಆರಿಸಲು ಹೇಳಿತು. ಅಲ್ಲೂ ಬಹಳ ಮಂದಿ ಎಡವಿದರು. ನನಗೆ ಹಿಡಿಸಿದ್ದು, ಅವರು ಹುಡುಗರ ರಫ್ ಹಾಳೆಗಳನ್ನೂ ಜೋಪಾನವಾಗಿ ನೋಡಿದ್ದು. ವೇರಿಯೇಬಲ್‌ಗಳ ಬೆಲೆ ಬದಲಾದಂತೆಲ್ಲ ಪಕ್ಕದಲ್ಲಿ ಗೀಚಿಕೊಂಡವರ ಉತ್ತರ ಹೆಚ್ಚಾಗಿ ಸರಿ ಇತ್ತು. ಗೀಚಬೇಕಾದರೆ ಹಾಳಿ ಬೇಕಲ್ಲವಾ?

ಇನ್ನೊಂದು ಪಂಗಡ ನನ್ನ ಪ್ರಶ್ನೆಗಳು ಸಪ್ಪೆ ಅನ್ನುತ್ತದೆ. "ಐ++ + ++ಐ ಎಷ್ಟು ಅಂತ ಕೇಳ್ರಿ, ಇಂಟರ್ವ್ಯೂದಾಗ ಅದೇ ಬರ್ತದ" ಅಂತ ಸಲಹೆ. ಐ++ ಅಂದರೂ ++ಐ ಅಂದರೂ ಐಗೆ ಒಂದು ಕೂಡಿಸು ಅಂತ. ಸಿ ಭಾಷೆಯ ನಿಯಮದ ಪ್ರಕಾರ ಅವೆರಡನ್ನೂ ಕೂಡಿಸಿದರೆ ನಿಗದಿಯಾದ ಉತ್ತರವೇ ಇಲ್ಲ. ಒಂದೇ ಹೇಳಿಕೆಯಲ್ಲಿ ಹಾಗೆ ಎರಡು ಸಲ ಐ ಬದಲಿಸಿದರೆ ಒಂದು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಅನುವಾದಿಸುವ ತಂತ್ರಾಂಶ) ಒಂದು ಹೇಳಬಹುದು, ಇನ್ನೊಂದು ಮತ್ತೊಂದು ಹೇಳಬಹುದು. ಉತ್ತರವಿಲ್ಲದ ಪ್ರಶ್ನೆಗೆ ಎ, ಬಿ, ಸಿ, ಡಿ ಆಯ್ಕೆ ಕೊಟ್ಟು ಮಾರ್ಕ್ ಹಾಕುವ ಧೈರ್ಯ ನನಗಿಲ್ಲ.

ಈಗ ಗಂಜ್‌ನ ಮುನೀಮರ ಕಥೆ. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಮಗಳು ನನ್ನ ಹತ್ತಿರ ಕಲಿಯುತ್ತಿದ್ದಳು. ತೊಗರಿ ಸುಗ್ಗಿಯ ಗದ್ದಲದ ನಡುವೆಯೂ ಬಿಡುವು ಮಾಡಿಕೊಂಡು, ಮಗಳ ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟುಕೊಂಡು ಬಂದರು. ಹಿಂದೆ ಮಗಳು, ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು. ಮೊದಲ ಪ್ರಶ್ನೆ ಯಾವುದೆಂದು ಹೇಳಬೇಕಿಲ್ಲ. ಎರಡನೆಯದು: "ಇಕಿಗಿ ಇದರ ತಲಿ ಅದನೋ ಇಲ್ಲೋ ಖರೇ ಹೇಳಿಬಿಡ್ರಿ. ಇಲ್ಲಂದ್ರ ಬಿ.ಎ.ಗೆ ಹಾಕ್ತೀನಿ."

ಪತ್ರಿಕೆ ಬಿಚ್ಚಿದೆ. ಪ್ರಶ್ನೆ ಮೂರೇ ಸಾಲು. ಎ = 10. ಬಿ = 20. ಎ = ಬಿ. ಈಗ ಎರಡರಲ್ಲೂ ಎಷ್ಟಿದೆ? ಎ 20, ಬಿ 0 ಅಂತ ಬರೆದಿದ್ದಳು. ಕಂಪ್ಯೂಟರಿನಲ್ಲಿ ಎ = ಬಿ ಅಂದರೆ ಬಿ ಬೆಲೆಯನ್ನು ಎಗೂ ಕೊಡು ಅಂತ, ಹಾಗಾಗಿ ಎರಡೂ 20 ಆಗಬೇಕು.

ತಲಿ ಅದನೋ ಇಲ್ಲೋ ಅನ್ನುವ ಪ್ರಶ್ನೆಗೆ ನಾನು ಬಾಯಿ ಬಿಡುವುದಿಲ್ಲ. ಅದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ಸಯೀದ್ ದೆಹನಾದಿ ಎಂಬವರು ಹೆಚ್ಚುಕಮ್ಮಿ ಇದೇ ಮೂರು ಸಾಲನ್ನು, ಪಾಠ ಶುರುವಾಗುವ ಮುಂಚೆಯೇ ಹುಡುಗರಿಗೆ ಕೊಟ್ಟು ನೋಡಿದ್ದರು. ತಪ್ಪೋ ಸರಿಯೋ, ಎಲ್ಲ ಪ್ರಶ್ನೆಗೂ ಒಂದೇ ನಿಯಮ ಹಿಡಿದವರು ಮುಂದೆ ಪಾಸಾಗುತ್ತಾರೆ, ಉಳಿದವರದು ಕಷ್ಟ ಅಂತ 2006ರಲ್ಲಿ ಅವರೂ ರಿಚರ್ಡ್ ಬೊರ್ನಾಟರೂ ಬರೆದರು. ಜಳ್ಳು ಕಾಳು ಬೇರೆ ಮಾಡುವ ಮೊರ ಸಿಕ್ಕಿತು ಅಂತ ಎಷ್ಟೋ ಮೇಷ್ಟ್ರುಗಳಿಗೆ ಖುಷಿ. 2014ರಲ್ಲಿ ಬೊರ್ನಾಟರೇ ಆ ಮಾತು ಹಿಂತೆಗೆದುಕೊಂಡರು. ಅಂಥ ಮೊರ ಆಗಲೂ ಇರಲಿಲ್ಲ, ಈಗಲೂ ಇಲ್ಲ ಅಂದರು. ಅವರೇ ಹಿಂದೆ ಸರಿದ ಮೇಲೆ ನಾನ್ಯಾರು?

ಮುನೀಮರಿಗೆ ಇಷ್ಟೆಲ್ಲ ಹೇಳಲಿಲ್ಲ. ಮಗಳನ್ನೇ ಕೇಳಿದೆ, ಬಿ ಸೊನ್ನೆ ಹೇಗಾಯಿತು ಯವ್ವಾ?

"ಒಂದ್ ಡಬ್ಬ್ಯಾಗಿಂದು ಇನ್ನೊಂದ್ ಡಬ್ಬ್ಯಾಗ ಸುರದ್ರ ಮದಲಿನ ಡಬ್ಬಿ ಖಾಲಿನೇ ಅಲ್ಲೇನ್ರಿ?"

ನನ್ನ ಬಾಯಿ ಕಟ್ಟಿತು. ವೇರಿಯೇಬಲ್ ಅಂದರೆ ಅಡುಗೆಮನೆಯ ಡಬ್ಬಿ ಇದ್ದಂತೆ, ಹೆಸರು ಅಂಟಿಸಿರುತ್ತದೆ, ಒಳಗೆ ಸಾಮಾನು ಇರುತ್ತದೆ ಅಂತ ಮೊದಲನೇ ಕ್ಲಾಸಿನಲ್ಲಿ ಹೇಳಿದವಳು ನಾನೇ. ವರ್ಷಗಟ್ಟಲೆ ಹೇಳಿದ್ದೇನೆ. ಬೇಳೆ ಡಬ್ಬಿಯನ್ನು ಬೋರ್ಡಿನ ಮೇಲೆ ಚಿತ್ರ ಸಮೇತ ಬರೆದಿದ್ದೇನೆ. ಅವಳು ನಾನು ಹೇಳಿದ್ದನ್ನೇ ನಂಬಿ, ತರ್ಕ ತಪ್ಪದೆ ಕೊನೆತನಕ ಹೋಗಿದ್ದಳು. ಆಮೇಲೆ ಪತ್ರಿಕೆಗಳ ಕಟ್ಟು ತೆಗೆದು ನೋಡಿದರೆ ಆ ಬ್ಯಾಚಿನಲ್ಲಿ ಒಂಬತ್ತು ಮಂದಿ ಬಿ ಸೊನ್ನೆ ಅಂತಲೇ ಬರೆದಿದ್ದರು. ಕಂಪ್ಯೂಟರ್ ಮುಂದೆ ಕೂರಿಸಿದ್ದರೆ ರನ್ ಒತ್ತಿ 20 ಅಂತ ಬರೆದುಕೊಳ್ಳುತ್ತಿದ್ದರು, ನನ್ನ ಡಬ್ಬಿಯ ತೂತು ನನಗೆ ಕಾಣುತ್ತಲೇ ಇರಲಿಲ್ಲ. ಹಾಳಿ ಯಾಕ್ರಿ ಅನ್ನುವುದು ಬಿಟ್ಟು, "ಹಾಳಿ ನೋಡಿ ನಿಮಗೇನ್ ತಿಳೀತು?" ಅಂತ ಯಾರಾದರೂ ಒಮ್ಮೆ ಕೇಳಬಾರದೇ?

ಮುನೀಮರು ಅಷ್ಟರಲ್ಲಿ ಕನ್ನಡಕ ಏರಿಸಿ ಮೂರೂ ಸಾಲು ಓದುತ್ತಿದ್ದರು.

"ಇದ್ರಾಗೇನದ ಮೇಡಂ? ಕಚ್ಚಾ ಪುಸ್ತಕದಾಗಿನ ರಕಮು ಖಾತಾಕ್ಕ ಎತ್ತಿ ಬರೀತೀವಿ. ಕಚ್ಚಾದಾಗಿಂದು ಎಲ್ಲಿ ಹೋಗ್ತದ? ಅಲ್ಲೇ ಇರ್ತದ. ಎರಡೂ ಇಪ್ಪತ್ತೇ."

ಇಷ್ಟು ವರ್ಷ ನನಗೆ ಹೊಳೆಯದ ಹೋಲಿಕೆ. ಹೂಂ ಕಾಕಾ ಅಂದೆ. ಅವರ ಬೆರಳು ಇನ್ನೂ ಮೂರನೇ ಸಾಲಿನ ಮೇಲೇ ಇತ್ತು.

"ಆದ್ರ ಎ ದಾಗ ಮದಲ ಹತ್ತು ಇತ್ತಲ್ರಿ. ಆ ಹತ್ತು ಎಲ್ಲಿ ಹೋತು?"

ಅಳಿಸಿಹೋಯಿತು ಅಂದೆ.

"ಅಳಸೋದಂದ್ರ? ಹಿಂಗ ಹಳೀ ರಕಮಿನ ಮ್ಯಾಲ ಹೊಸಾದು ಬರದ್ರ ನಮ್ಮ ಸಾವಕಾರ್ರು ನನ್ನ ಮನೀಗಿ ಕಳಸ್ತಾರ. ಮುಂದ ಬೇಕಾಗೂದಿದ್ರ ಮದಲೇ ಒಂದ್ ಚೀಟ್ಯಾಗ ಬರದಿಡಬೇಕ್ರಿ."

ಎ ಮತ್ತು ಬಿ ಅದಲುಬದಲು ಮಾಡುವ ಪ್ರೋಗ್ರಾಮಿನಲ್ಲಿ ಟೆಂಪ್ ಅಂತ ಒಂದು ಮೂರನೇ ವೇರಿಯೇಬಲ್ ಇರುತ್ತದೆ. ಎಲ್ಲ ಹುಡುಗರ ಲ್ಯಾಬ್ ರೆಕಾರ್ಡಿನಲ್ಲೂ ಅಚ್ಚುಕಟ್ಟಾಗಿ ಇರುತ್ತದೆ, ಸಹಿ ಸಮೇತ. ಅದು ಅಲ್ಲಿ ಯಾಕಿದೆ ಅಂತ ಅಲ್ಲಿಯವರೆಗೆ ನನ್ನನ್ನು ಒಬ್ಬರೂ ಕೇಳಿರಲಿಲ್ಲ.

ಮಗಳು ಮೊಬೈಲಿನಿಂದ ತಲೆ ಎತ್ತಿದಳು.

"ಮೇಡಂ, ಟೆಂಪ್ ಅಂದ್ರ ಆ ಚೀಟಿನೇ ಏನ್ರಿ?"