ಬೋಲ್ಟ್ ರೈಫಲ್‌ಗೆ ಹೊಸ ಸ್ಟಾಕ್: ಮರಕ್ಕಿಂತ ಮೊದಲು ಕೊರೆತ ನೋಡಿ

ಸ್ಟಾಕ್, ಅಂದರೆ ಕೋವಿಯ ಲೋಹವನ್ನು ಹಿಡಿದಿಡುವ, ಭುಜಕ್ಕೆ ಆನಿಸುವ ಭಾಗ, ಬದಲಿಸಬೇಕು ಅಂದ ಕೂಡಲೇ ಬಹಳ ಜನ ಕೇಳುವುದು "ಯಾವ ಮರ ಒಳ್ಳೇದು?" ಅಂತ. ಮರದ ಮಾತು ಆಮೇಲೆ. ಆ್ಯಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ಕೂರಲು ಸ್ಟಾಕಿನೊಳಗೆ ಮಾಡಿದ ಕೊರೆತ ಸರಿಯಾಗಿದ್ದರೆ ಸಾಧಾರಣ ಸ್ಟಾಕ್ ಕೂಡ ಗುಂಡುಗಳನ್ನು ಒತ್ತೊತ್ತಾಗಿ ಬೀಳಿಸುತ್ತದೆ. ಕೊರೆತ ಸಡಿಲವಿದ್ದರೆ ಕಾಶ್ಮೀರದ ಅಕ್ರೋಟು ಮರವೂ ಬರೀ ಅಂದಕ್ಕೆ.

ಮೊದಲು ಕೋವಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಇಶಾಪುರ ಕಾರ್ಖಾನೆಯ .315 ರೈಫಲ್, ಬ್ರಿಟಿಷರ ಹಳೆಯ ಸೇನಾ ರೈಫಲ್ ಲೀ-ಎನ್‌ಫೀಲ್ಡ್ ಜಾತಿಯದು. ಅದರ ಸ್ಟಾಕ್ ಎರಡು ತುಂಡು, ಹಾಗಾಗಿ ಅಂತರ್ಜಾಲದಲ್ಲಿ ಕಾಣುವ ಒಂದೇ ತುಂಡಿನ ರೆಮಿಂಗ್ಟನ್ 700 (ಅಮೆರಿಕದ ಬೋಲ್ಟ್ ರೈಫಲ್) ಸ್ಟಾಕ್‌ಗಳು ಅದಕ್ಕೆ ಕೂರುವುದೇ ಇಲ್ಲ. ಹಿಂದಿನ ತುಂಡಾದ, ಭುಜಕ್ಕೆ ಆನುವ ಬಟ್ ಅನ್ನು ಅದರೊಳಗೆ ಹಾದುಹೋಗುವ ಉದ್ದನೆಯ ಸ್ಕ್ರೂ ಹಿಡಿದಿರುತ್ತದೆ. ಲೀ-ಎನ್‌ಫೀಲ್ಡ್‌ನ ಹಳೆಯ ಎಸ್‌ಎಂಎಲ್‌ಇ ಮಾದರಿಯ ಜೋಡಣೆಯಲ್ಲಿ ಆ ಸ್ಕ್ರೂವಿನ ಚೌಕ ತುದಿ ಮುಂಭಾಗದ ಮರದಲ್ಲಿರುವ ಪುಟ್ಟ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮುಂಭಾಗ ಕಳಚದೆ ಅದನ್ನು ತಿರುಗಿಸಿದರೆ ಮರ ಸೀಳುತ್ತದೆ. ಯಾವಾಗಲೂ ಮುಂಭಾಗ ಮೊದಲು, ಬಟ್ ಆಮೇಲೆ. ರೆಮಿಂಗ್ಟನ್ 700 ಆದರೆ ಆ್ಯಕ್ಷನ್ ಶಾರ್ಟೋ ಲಾಂಗೋ, ಮ್ಯಾಗಜೀನ್ ಕಳಚುವಂಥದ್ದೋ ಅಲ್ಲವೋ, ಬ್ಯಾರೆಲ್ ಎಷ್ಟು ದಪ್ಪ, ಈ ಮೂರನ್ನೂ ಹೇಳದೆ ಆರ್ಡರ್ ಕೊಡಬೇಡಿ.

ಅಳತೆಗೆ ಮುಂಚೆ ಬೋಲ್ಟ್ ಹೊರತೆಗೆದು ಚೇಂಬರ್ (ಗುಂಡು ಕೂರುವ ಗೂಡು) ಖಾಲಿಯಿದೆಯೇ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಟ್ರಿಗರ್‌ನಿಂದ ಬಟ್ ತುದಿಯವರೆಗಿನ ಉದ್ದ ಕಾರ್ಖಾನೆಯ ಸ್ಟಾಕ್‌ಗಳಲ್ಲಿ ಸುಮಾರು 13.5 ಇಂಚು. ಕುಳ್ಳಗಿರುವವರಿಗೆ ಇದು ಉದ್ದವೇ. ಕಣ್ಣು ಮುಚ್ಚಿ ಕೋವಿ ಭುಜಕ್ಕಿಟ್ಟು ಕೆನ್ನೆ ಆನಿಸಿ, ಆಮೇಲೆ ಕಣ್ಣು ತೆರೆಯಿರಿ. ಸ್ಕೋಪಿನಲ್ಲಿ ಪೂರ್ತಿ ವೃತ್ತ ಕಾಣದೆ ಕತ್ತು ಎತ್ತಬೇಕಾಗಿ ಬಂದರೆ ಕೆನ್ನೆ ಆನುವ ಜಾಗ ತಗ್ಗಾಗಿದೆ ಎಂದರ್ಥ.

ಒಂದೇ ತುಂಡಿನ ಸ್ಟಾಕಿನಲ್ಲಿ ಅಸಲಿ ಕೆಲಸ ಬೆಡ್ಡಿಂಗ್, ಅಂದರೆ ಆ್ಯಕ್ಷನ್ ಅಲುಗದೆ ಕೂರುವಂತೆ ಕೊರೆತಕ್ಕೆ ಎಪಾಕ್ಸಿ ಅಂಟು ಎರೆಯುವುದು. ರಿಕಾಯಿಲ್ ಲಗ್‌ನ (ಹೊಡೆತದ ಒದೆತವನ್ನು ಸ್ಟಾಕಿಗೆ ದಾಟಿಸುವ ಲೋಹದ ಗಟ್ಟಿ) ಹಿಂಮುಖ ಮಾತ್ರ ಬಿಗಿಯಾಗಿ ಆನಬೇಕು. ಮುಂದೆ, ಪಕ್ಕ, ತಳಗಳಿಗೆ ಟೇಪ್ ಅಂಟಿಸಿ ಎಪಾಕ್ಸಿ ತುಂಬಿದರೆ ಅಲ್ಲಿ ತುಸು ಜಾಗ ಉಳಿಯುತ್ತದೆ. ಎಪಾಕ್ಸಿ ಅಂಟದಂತೆ ಲೋಹಕ್ಕೆಲ್ಲ ಮೇಣದ ಶೂ ಪಾಲಿಶ್ ಅಥವಾ ರಿಲೀಸ್ ಏಜೆಂಟ್ ಸವರಿ, ಸ್ಕ್ರೂ ತೂತುಗಳನ್ನು ಜೇಡಿಯಿಂದ ಮುಚ್ಚಿ. ಒಂದು ಬೆರಳಗಲ ಮರೆತರೂ ಕೋವಿ ಅಂಟಿ ಕೂರುತ್ತದೆ. ಆ್ಯಕ್ಷನ್‌ನ ಬಾಲದ ಹಿಂದೆ ಅರ್ಧ ಮಿಲಿಮೀಟರ್ ಜಾಗ ಬಿಡಿ. ಅಲ್ಲಿ ಲೋಹ ಮರಕ್ಕೆ ತಾಗಿದರೆ ಪ್ರತಿ ಹೊಡೆತವೂ ಬೆಣೆ ಬಡಿದಂತೆ. ಕೈಹಿಡಿ ಬಿರಿಯುವುದು ಅಲ್ಲಿಂದಲೇ.

ಈಗ ಮರ. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನದ ಒಣ ಗಾಳಿಗೂ ಆಗಸ್ಟ್ ಬೆಳಗಿನ ತೇವಕ್ಕೂ ಅಜಗಜಾಂತರ. ಮರ ಅದಕ್ಕೆ ತಕ್ಕಂತೆ ಉಬ್ಬಿ ಕುಗ್ಗಿ ಬ್ಯಾರೆಲ್‌ಗೆ ಒತ್ತುತ್ತದೆ, ಬೇಸಿಗೆಯಲ್ಲಿ ಜೀರೊ ಮಾಡಿದ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ) ಕೋವಿ ಮಳೆಗಾಲದಲ್ಲಿ ಬೇರೆ ಕಡೆ ಹೊಡೆಯುತ್ತದೆ. ಹೊರಮೈಗೆ ಎಷ್ಟು ಚೆನ್ನಾಗಿ ಪಾಲಿಶ್ ಹಾಕಿದ್ದರೂ ಬ್ಯಾರೆಲ್ ಕಾಲುವೆಯ ಒಳಗೂ ಬಟ್ ಪ್ಲೇಟಿನ ಕೆಳಗೂ ಏನೂ ಬಳಿಯದ ಬರೀ ಮರ ಬಿಟ್ಟಿದ್ದರೆ ತೇವ ಅಲ್ಲಿಂದಲೇ ಏರುತ್ತದೆ. ಆ ಎರಡೂ ಜಾಗಕ್ಕೆ ಸೀಲರ್ ಬಳಿಯಿರಿ. ಮಳೆಯಲ್ಲಿ ತಿರುಗಾಡುವ ಕೋವಿಗೆ ಪದರಮರ ಅಥವಾ ಫೈಬರ್‌ಗ್ಲಾಸ್ ಮೇಲು. ಬೀಟೆ ಚೆಂದ, ಆದರೆ ಭಾರ.

ಕೊಳ್ಳುವ ಮುಂಚೆ ಒಂದು ಮಾತು: 1959ರ ಶಸ್ತ್ರಾಸ್ತ್ರ ಕಾಯ್ದೆ ಆಯುಧದ ಭಾಗಗಳನ್ನೂ ಆಯುಧವೆಂದೇ ಎಣಿಸುತ್ತದೆ. ಲೈಸೆನ್ಸ್ ಹಿಡಿದು ಲೈಸೆನ್ಸ್ ಇರುವ ಡೀಲರ್ ಬಳಿಯೇ ಹೋಗಿ, ಹೊರದೇಶದಿಂದ ತರಿಸುವ ಯೋಚನೆಯಿದ್ದರೆ ದುಡ್ಡು ಕಟ್ಟುವ ಮುಂಚೆಯೇ ಅವರನ್ನು ಕೇಳಿ.

ಒಂದೇ ತುಂಡಿನ ಬರೀ ಮರದ ಸ್ಟಾಕಿಗೆ ಆ್ಯಕ್ಷನ್ ಹಿಡಿಯುವ ಸ್ಕ್ರೂಗಳ ಬಿಗಿತ 4ರಿಂದ 5 ನ್ಯೂಟನ್ ಮೀಟರ್ ಸಾಕು. ಸ್ಕ್ರೂ ತೂತಿನಲ್ಲಿ ಅಲ್ಯೂಮಿನಿಯಂ ಪಿಲ್ಲರ್ (ಕೊಳವೆ) ಇದ್ದರೆ 7ರ ಆಸುಪಾಸು. ಬರೀ ಮರಕ್ಕೆ ಅಷ್ಟು ಬಿಗಿದರೆ ನಾರು ಜಜ್ಜಿ ಮತ್ತೆ ಸಡಿಲವಾಗುತ್ತದೆ. ಜೋಡಿಸಿದ ಮೇಲೆ ಮುಂದಿನ ಸ್ಕ್ರೂ ಮೆಲ್ಲಗೆ ಸಡಿಲಿಸಿ ಸ್ಟಾಕ್ ತುದಿ ನೋಡಿ. ಬ್ಯಾರೆಲ್ ಮರದಿಂದ ಕಣ್ಣಿಗೆ ಕಾಣುವಷ್ಟು ಸರಿದರೆ ಬೆಡ್ಡಿಂಗ್ ಲೋಹವನ್ನು ಬಾಗಿಸುತ್ತಿದೆ, ಕೆರೆದು ಮತ್ತೆ ಎರೆಯಬೇಕು. ಸರಿಯದಿದ್ದರೆ ಬಿಗಿದು ರೇಂಜಿಗೆ ಒಯ್ಯಿರಿ, 20 ಗುಂಡು ಹೊಡೆದ ಮೇಲೆ ಬಿಗಿತ ಇನ್ನೊಮ್ಮೆ ನೋಡಿ, ಆಮೇಲೆ ಜೀರೊ ಮಾಡಿ.