ಪಿನ್‌ಬಾಲ್ ಅಂದ್ರೆ ಬರೀ ಲಕ್ಕಾ?

ನಂಗೆ ಪಿನ್‌ಬಾಲ್ (ಕಾಸು ಹಾಕಿ, ಇಳಿಜಾರು ಹಲಗೆ ಮೇಲೆ ಗುಂಡು ಓಡಿಸಿ ಪಾಯಿಂಟ್ ಗಳಿಸೋ ಮಷೀನ್ ಆಟ) ಹುಚ್ಚು ಅಂತ ಗೊತ್ತಾದ ತಕ್ಷಣ ಎಲ್ರೂ ಕೇಳೋದು ಇದನ್ನೇ, "ಗುಂಡು ತನಗೆ ಬೇಕಾದ ಕಡೆ ಹೋಗುತ್ತೆ, ಅದ್ರಲ್ಲಿ ನೀವು ಆಡೋದೇನ್ರೀ?" 1947ಕ್ಕೆ ಮುಂಚೆ ಕೇಳಿದ್ರೆ ಹೆಚ್ಚುಕಮ್ಮಿ ಹೌದು ಅಂತಿದ್ದೆ. ಆಮೇಲಿಂದ ಇಲ್ಲ. ಹಾಗಾಗೋಕೆ ಕಾರಣ ಶಿಕಾಗೋದ ಗಾಟ್ಲೀಬ್ ಕಂಪನಿ, ತಮಾಷೆ ಅಂದ್ರೆ ಬರೀ ಲಕ್ಕಿನ ಆಟನ ಊರೂರಿಗೆ ಹಬ್ಬಿಸಿದ್ದೂ ಅವರೇ.

ಡೇವಿಡ್ ಗಾಟ್ಲೀಬ್ 1927ರಲ್ಲಿ ಕಂಪನಿ ಶುರು ಮಾಡಿದ್ರು. 1931ರಲ್ಲಿ ಬ್ಯಾಫಲ್ ಬಾಲ್ ಬಂತು, ಅಂಗಡಿ ಕೌಂಟರ್ ಮೇಲಿಡೋ ಅಷ್ಟು ಪೆಟ್ಟಿಗೆ, ಬೆಲೆ 17.50 ಡಾಲರ್, ಕರೆಂಟೂ ಇಲ್ಲ ಬಲ್ಬೂ ಇಲ್ಲ. ಒಂದು ಸೆಂಟ್ ಹಾಕಿ ಪ್ಲಂಜರ್ ಅನ್ನೋ ಸ್ಪ್ರಿಂಗ್ ಹಿಡಿ ಎಳೆದು ಬಿಟ್ರೆ ಗೋಲಿ ಮೇಲೆ ಹೋಗಿ ಮೊಳೆಗಳಿಗೆಲ್ಲ ಡಿಕ್ಕಿ ಹೊಡ್ಕೊಂಡು ಯಾವುದೋ ಒಂದು ಗುಳೀಲಿ ಬೀಳೋದು, ಪಾಯಿಂಟ್ ಲೆಕ್ಕ ನೀವೇ ಹಾಕ್ಕೋಬೇಕು. ಕೆಲಸ ಇಲ್ಲದೆ ಜನ ಬೀದೀಲಿದ್ದ ಕಾಲ, ಒಂದು ಸೆಂಟಿಗೆ ಇನ್ನೇನು ಮಜಾ ಸಿಗುತ್ತೆ ಹೇಳಿ, 50 ಸಾವಿರಕ್ಕೂ ಜಾಸ್ತಿ ಪೆಟ್ಟಿಗೆ ಖರ್ಚಾದ್ವು. ಕೇಳಿದಷ್ಟು ಮಾಲು ಸಿಗ್ತಿಲ್ಲ ಅಂತ ಅದನ್ನ ಮಾರ್ತಿದ್ದ ರೇಮಂಡ್ ಮೊಲೋನಿ ತಾನೇ ಬ್ಯಾಲಿಹೂ ಅಂತ ಒಂದು ಆಟ ಮಾಡಿ ಇಳಿಸಿದ, ಮುಂದೆ ಗಾಟ್ಲೀಬ್‌ಗೆ ಸೆಡ್ಡು ಹೊಡೆದ ಬ್ಯಾಲಿ ಕಂಪನಿ ಹೆಸರು ಬಂದಿದ್ದು ಅಲ್ಲಿಂದ್ಲೇ.

ಕೆಲವು ಕಂಪನಿಗಳು ಗೆದ್ದೋರಿಗೆ ಕಾಸು ಕೊಡೋ ಮಷೀನೂ ಬಿಟ್ಟು ಇಡೀ ಆಟಕ್ಕೆ ಜೂಜು ಅನ್ನೋ ಹೆಸರು ತಂದ್ವು. 1942ರಲ್ಲಿ ನ್ಯೂಯಾರ್ಕ್ ಮೇಯರ್ ಲಾಗಾರ್ಡಿಯಾ ಬ್ಯಾನೇ ಮಾಡಿಬಿಟ್ರು, ಮಷೀನುಗಳನ್ನ ಸುತ್ತಿಗೇಲಿ ಒಡೆಸಿದ್ರು.

ಆಮೇಲೆ 1947, ಗಾಟ್ಲೀಬ್‌ನ ಹಂಪ್ಟಿ ಡಂಪ್ಟಿ. ಡಿಸೈನರ್ ಹ್ಯಾರಿ ಮ್ಯಾಬ್ಸ್ ಅದಕ್ಕೆ 6 ಫ್ಲಿಪ್ಪರ್ (ಬಟನ್ ಒತ್ತಿದ್ರೆ ಗುಂಡಿಗೆ ಹೊಡೆಯೋ ಪುಟ್ಟ ಕೈಗಳು) ಕೂರಿಸಿದ್ರು, ಆ ಕಡೆ 3 ಈ ಕಡೆ 3, ಈಗಿನ ಥರ ಕೆಳಗೆ ಜೋಡಿಯಾಗಲ್ಲ, ಹೊರಕ್ಕೆ ಮುಖ ಮಾಡ್ಕೊಂಡು. ಈಗ ನೋಡಿದ್ರೆ ನಗು ಬರುತ್ತೆ. (ಎರಡನ್ನ ಕೆಳಗೆ ತಂದಿಟ್ಟಿದ್ದು ಮರುವರ್ಷ ಜೆಂಕೋ ಅನ್ನೋ ಇನ್ನೊಂದು ಕಂಪನಿಯ ಸ್ಟೀವ್ ಕಾರ್ಡೆಕ್.) ಆದ್ರೆ ಬೀಳ್ತಿರೋ ಗುಂಡನ್ನ ಬಟನ್ ಒತ್ತಿ ವಾಪಸ್ ಹೊಡೀಬಹುದು ಅಂತಾದ್ಮೇಲೆ ಅದು ಬೇರೇನೇ ಆಟ, ಗುರಿ ಬಂತು, ಟೈಮಿಂಗ್ ಬಂತು, ಹತ್ತು ವರ್ಷ ಆಡಿದವನಿಗೂ ನಿನ್ನೆ ಶುರು ಮಾಡಿದವನಿಗೂ ವ್ಯತ್ಯಾಸ ಕಾಣೋಕೆ ಶುರುವಾಯ್ತು.

ಜೂಜಿನ ಹಣೆಪಟ್ಟಿ ಮಾತ್ರ ಹೋಗ್ಲಿಲ್ಲ. ಗೆದ್ರೆ ಫ್ರೀ ಗೇಮ್ ಕೊಡೋದೂ ಕೆಲವು ಕಡೆ ಕಾನೂನಿಗೆ ವಿರುದ್ಧ, ಅದಕ್ಕೆ ಗಾಟ್ಲೀಬ್ 1960ರಲ್ಲಿ ಫ್ಲಿಪ್ಪರ್ ಅನ್ನೋ ಹೆಸರಿನ ಮಷೀನಲ್ಲಿ ಫ್ರೀ ಗೇಮ್ ಬದಲು ಅದೇ ಆಟಕ್ಕೆ ಎಕ್ಸ್‌ಟ್ರಾ ಗುಂಡು ಕೊಡ್ತು. ಒಳ್ಳೇ ಐಡಿಯಾ. ಕಂಪನಿ ಆಮೇಲೆ ಕೊಲಂಬಿಯಾ ಪಿಕ್ಚರ್ಸ್ ಕೈಗೆ ಹೋಗಿ, ಹೆಸರು ಬದಲಾಗಿ, ಕೈ ಬದಲಾಗಿ, 1996ರಲ್ಲಿ ಮುಚ್ಚಿತು.

ಇನ್ನು ಬರೀ ಲಕ್ಕಾ ಅನ್ನೋ ಆ ಪ್ರಶ್ನೆ ನ್ಯೂಯಾರ್ಕ್ ಸಿಟಿ ಕೌನ್ಸಿಲ್ ಮುಂದೇನೇ ಬಂದಿತ್ತು, 1976ರಲ್ಲಿ. ರೋಜರ್ ಶಾರ್ಪ್ ಅನ್ನೋ ಆಟಗಾರ ಅಲ್ಲೇ ಮಷೀನ್ ಇಟ್ಟು, ಗುಂಡು ಮಧ್ಯದ ಲೇನಲ್ಲೇ ಇಳಿಯುತ್ತೆ ನೋಡಿ ಅಂತ ಮೊದಲೇ ಹೇಳಿ ಹೊಡೆದ, ಹಾಗೇ ಇಳೀತು, ಬ್ಯಾನ್ ಹೋಯ್ತು. ಅವನು ಹೊಡೆದಿದ್ದು ಫ್ಲಿಪ್ಪರಲ್ಲಿ ಅಲ್ಲ, ಬ್ಯಾಫಲ್ ಬಾಲ್ ಕಾಲದ ಅದೇ ಪ್ಲಂಜರಲ್ಲಿ. ಸ್ವಲ್ಪ ಲಕ್ಕೂ ಇತ್ತು ಅಂತ ಆಮೇಲೆ ಅವನೇ ಒಪ್ಕೊಂಡ.